ಮೊದಲು ಒಂದು ಬರಹದ ಪುಟ, ಮುಖಪುಟ ಆಮೇಲೆ

ಪ್ರಶ್ನೆ: ನಾನು ಗದಗ-ಬೆಟಗೇರಿಯವಳು, ಪಿಯು ಕಾಲೇಜಿನಲ್ಲಿ ಪಾಠ ಮಾಡುತ್ತೇನೆ. ಲಕ್ಕುಂಡಿ, ಡಂಬಳ, ಸೂಡಿಯ ಗುಡಿಗಳು, ಮಾಗಡಿ ಕೆರೆಯ ಹಕ್ಕಿಗಳು, ನಮ್ಮ ಓಣಿಯ ಮಗ್ಗಗಳು, ಅವ್ವನ ಅಡುಗೆ ಅಂತ 30 ಬರಹ ಬರೆದಿಟ್ಟಿದ್ದೇನೆ, ಪಟ್ಟಿ ಜೊತೆಗಿದೆ. ಅರ್ಧದಷ್ಟು ಹಳೆಯ 'ನುಡಿ' ತಂತ್ರಾಂಶದಲ್ಲಿ ಟೈಪ್ ಮಾಡಿದ್ದು. ಬ್ಲಾಗ್ ಥರದ ವೆಬ್‌ಸೈಟ್ ಮಾಡಬೇಕು ಅಂತ ಎರಡು ತಿಂಗಳಿಂದ ಥೀಮ್ (ಸೈಟಿನ ಸಿದ್ಧ ವಿನ್ಯಾಸ) ಬದಲಿಸುತ್ತಲೇ ಇದ್ದೇನೆ, ಒಂದೂ ಒಪ್ಪಿಗೆಯಾಗುತ್ತಿಲ್ಲ. ಮುಖಪುಟ ಹೇಗಿರಬೇಕು? ಮೇಲೆ ಓಡುವ ಚಿತ್ರಗಳು ಬೇಕಾ? 14 ವಿಭಾಗ ಮಾಡಿಕೊಂಡಿದ್ದೇನೆ, ಸರಿಯಾ? ಕನ್ನಡ ಬಾವುಟದ ಹಳದಿ-ಕೆಂಪು ಬಣ್ಣ ಹಾಕಬಹುದಾ? ನನಗೆ ಕೋಡಿಂಗ್ ಬರುವುದಿಲ್ಲ.

ಉತ್ತರ: ಮೇಡಂ, ಬರೆದ 30 ಬರಹ ಕೈಯಲ್ಲಿವೆ ಅಂದರೆ ದೊಡ್ಡ ಕೆಲಸ ಆಗಲೇ ಮುಗಿದಿದೆ. ನಾನು ಹುಬ್ಬಳ್ಳಿಯಲ್ಲಿ ವೆಬ್‌ಸೈಟ್ ಮಾಡಿಕೊಡುವವನು. ನನ್ನ ಹತ್ತಿರ ಬರುವವರು ಹೆಸರು, ಲೋಗೊ, ಬಣ್ಣ ಎಲ್ಲ ಯೋಚಿಸಿಕೊಂಡು ಬಂದಿರುತ್ತಾರೆ. ಹಾಕುವುದಕ್ಕೆ ಬರಹ ಎಲ್ಲಿ ಅಂತ ಕೇಳಿದರೆ ಸುಮ್ಮನಾಗುತ್ತಾರೆ. ನಿಮ್ಮದು ಉಲ್ಟಾ, ಅದೇ ನಿಮ್ಮ ಬಲ. ಥೀಮ್ ಯಾವುದೂ ಒಪ್ಪಿಗೆಯಾಗದೆ ಇರುವುದಕ್ಕೆ ಕಾರಣ ನೀವು ಮುಖಪುಟದಿಂದ ಶುರು ಮಾಡಿರುವುದು.

ನಿಮ್ಮ ಓದುಗರು ಹೇಗೆ ಬರುತ್ತಾರೆ ಅಂತ ಸ್ವಲ್ಪ ನೋಡಿ. ನಿಮ್ಮ ವಿದ್ಯಾರ್ಥಿಯೊಬ್ಬ ಲಕ್ಕುಂಡಿಯ ಮುಸುಕಿನ ಬಾವಿಯ (ಪಾವಟಿಗೆಗಳಿರುವ ಹಳೆಯ ಬಾವಿ) ಬರಹದ ಲಿಂಕನ್ನು ಮನೆಯ ವಾಟ್ಸಾಪ್ ಗ್ರೂಪಿಗೆ ಹಾಕುತ್ತಾನೆ. ಅವನ ಕಾಕಾ ರೋಣದ ಬಸ್ ಸ್ಟ್ಯಾಂಡಿನಲ್ಲಿ ನಿಂತು ಅದನ್ನು ಒತ್ತುತ್ತಾರೆ. ನೇರವಾಗಿ ಬಾವಿಯ ಬರಹಕ್ಕೇ ಬಂದು ಇಳಿಯುತ್ತಾರೆ. ಗೂಗಲ್‌ನಲ್ಲಿ ಹುಡುಕಿ ಬಂದವರೂ ಹಾಗೇ. ಮುಖಪುಟ ತಲಬಾಗಿಲು ಅನ್ನುವುದು ನಿಜ. ಆದರೆ ಬರುವವರು ಹಿತ್ತಲ ಬಾಗಿಲಿಂದಲೇ ಜಾಸ್ತಿ ಬರುತ್ತಾರೆ. ಅದಕ್ಕೇ ಮೊದಲು ಒಂದೇ ಒಂದು ಬರಹದ ಪುಟ ಸರಿಯಾಗಿ ಕಟ್ಟಿ. ಅದು ಕೂತಿತು ಅಂದರೆ ಉಳಿದ 29 ಅದೇ ಅಚ್ಚಿನಲ್ಲಿ ಬರುತ್ತವೆ. ಮುಖಪುಟ ಕೊನೆಗೆ ಒಂದು ಸಂಜೆಯ ಕೆಲಸ.

ಈಗ ಕಂಪ್ಯೂಟರ್ ಮುಚ್ಚಿಡಿ. ಗಣಿತದ ಚೌಕಳಿ ನೋಟ್‌ಬುಕ್ ಒಂದು ತೆಗೆದುಕೊಳ್ಳಿ. ನಿಮ್ಮ ಫೋನನ್ನೇ ಹಾಳೆಯ ಮೇಲಿಟ್ಟು ಸುತ್ತ ಪೆನ್ಸಿಲ್ ಎಳೆಯಿರಿ. ಅದರ ಕೆಳಗೆ ಇನ್ನೊಂದು, ಅದರ ಕೆಳಗೆ ಮತ್ತೊಂದು. ಹಾಳೆ ಸಾಲದಿದ್ದರೆ ಅಂಟಿಸಿ. ಓದುಗರು ಬೆರಳಿಂದ ಮೇಲೆ ಎಳೆಯುತ್ತಾ ಹೋದಂತೆ ಕಾಣುವ ಒಂದೊಂದು ತೆರೆ ಇದು. ಕಂಪ್ಯೂಟರಿನ ಅಗಲ ಪರದೆಗೆ ಅಂತ ಬೇರೆ ಚಿತ್ರ ಬರೆಯುವುದು ಬೇಡ. ಫೋನಿನಲ್ಲಿ ಚೆನ್ನಾಗಿ ಕೂತದ್ದು ಅಲ್ಲಿಯೂ ಕೂರುತ್ತದೆ. ಅಲ್ಲಿ ಚೆಂದ ಕಂಡದ್ದು ಫೋನಿನಲ್ಲಿ ಕೆಡುವುದನ್ನು ಮಾತ್ರ ನಾನು ದಿನಾ ನೋಡುತ್ತೇನೆ.

ಮುಸುಕಿನ ಬಾವಿಯ ಬರಹವನ್ನೇ ಹಿಡಿಯೋಣ. ಮೊದಲ ಚೌಕದಲ್ಲಿ ಸೈಟಿನ ಹೆಸರು ಒಂದೇ ಸಾಲಿನಲ್ಲಿ, ಸಣ್ಣದಾಗಿ ಇರಲಿ. ಅದರ ಕೆಳಗೆ ಬರಹದ ಹೆಸರು, ತಾರೀಖು, ಒಂದು ಚಿತ್ರ, ಬರಹದ ಮೊದಲ ಎರಡು ಸಾಲು. ಇಷ್ಟೂ ಆ ಒಂದು ಚೌಕದಲ್ಲಿ ಹಿಡಿಸಬೇಕು. ಹೆಚ್ಚಿನ ಥೀಮ್‌ಗಳಲ್ಲಿ ದೊಡ್ಡ ಲೋಗೊ, ಮೆನು, ತೆರೆ ತುಂಬ ಒಂದು ಫೋಟೋ ಎಲ್ಲ ದಾಟಿದ ಮೇಲೆ ಬರಹ ಸಿಗುತ್ತದೆ. ಬಸ್ಸಿಗೆ ಕಾಯುವ ಕಾಕಾ ಅಷ್ಟು ದೂರ ಬರುವುದಿಲ್ಲ.

ಚಿತ್ರದ ಬಗ್ಗೆ ಒಂದು ಮಾತು. ಬಾವಿ ಅಂದರೆ ಆಳ, ಅದಕ್ಕೆ ನಿಮ್ಮ ಕೈ ತಾನಾಗಿ ಫೋನನ್ನು ಉದ್ದ ಹಿಡಿದೇ ಫೋಟೋ ತೆಗೆದಿರುತ್ತದೆ. ಉದ್ದ ಫೋಟೋ ಮೇಲೆ ಹಾಕಿದರೆ ಮೊದಲ ಚೌಕವನ್ನೆಲ್ಲ ಅದೇ ನುಂಗುತ್ತದೆ. ಮೇಲೆ ಹಾಕುವುದಕ್ಕೆ ಅಡ್ಡ ಹಿಡಿದ ಒಂದು ಚಿತ್ರ ಬೇಕು: ಅಂಚಿನಲ್ಲಿ ನಿಂತು, ಎದುರು ಬದಿಯ ಪಾವಟಿಗೆಗಳು ಮತ್ತು ಗೋಡೆಯಲ್ಲಿರುವ ಪುಟ್ಟ ಗೂಡುಗುಡಿಗಳು ಕಾಣುವ ಹಾಗೆ. ಉದ್ದ ಚಿತ್ರವನ್ನು ನಡುವೆ, ಇಳಿಯುವ ಮಾತು ಬರುವ ಕಡೆ ಹಾಕಿ. ಓದುತ್ತಾ ಓದುತ್ತಾ ಬೆರಳು ಎಳೆದಂತೆ ಬಾವಿಯೊಳಗೆ ಇಳಿದ ಹಾಗೇ ಆಗುತ್ತದೆ. ಡಿಸೈನ್ ಅಂದರೆ ನನಗೆ ಇದೇ. ಅದನ್ನು ಯಾವ ಥೀಮೂ ನಿಮಗೆ ಮಾಡಿಕೊಡುವುದಿಲ್ಲ.

ಬರಹದ ಹೆಸರು ನೋಡಿ. ನಿಮ್ಮ ಪಟ್ಟಿಯಲ್ಲಿ 'ಕಲ್ಲಿನಲ್ಲಿ ಕರಗಿದ ಕಾಲ' ಅಂತ ಇದೆ. ಚೆಂದವಿದೆ, ಆದರೆ ಯಾವ ಕಲ್ಲು, ಯಾವ ಊರು ಅಂತ ಯಾರಿಗೂ ಗೊತ್ತಾಗುವುದಿಲ್ಲ. 'ಲಕ್ಕುಂಡಿಯ ಮುಸುಕಿನ ಬಾವಿ: ಇಳಿಯುವ ಮೊದಲು ಏನು ನೋಡಬೇಕು' ಅಂತ ಇಡಿ. ಚೆಂದದ ಸಾಲನ್ನು ಬರಹದ ಮೊದಲ ವಾಕ್ಯ ಮಾಡಿಕೊಳ್ಳಿ.

ಎರಡನೇ, ಮೂರನೇ ಚೌಕಗಳಲ್ಲಿ ಬರಹ ಓಡುತ್ತದೆ. ನೋಟ್‌ಬುಕ್ಕಿನ ಐದು ಸಾಲಿನ ಪ್ಯಾರಾ ಫೋನಿಗೆ ಬಂದರೆ ಹತ್ತು-ಹನ್ನೆರಡು ಸಾಲು ಆಗುತ್ತದೆ. ಹಾಗಾಗಿ ಪ್ಯಾರಾ ಒಡೆಯಿರಿ. ಮೂರು-ನಾಲ್ಕು ಪ್ಯಾರಾಕ್ಕೆ ಒಂದು ಉಪಶೀರ್ಷಿಕೆ ಕೊಡಿ: 'ಮಾಣಿಕೇಶ್ವರ ಗುಡಿಯ ಪಕ್ಕದಲ್ಲೇ', 'ಗೋಡೆಯ ಗೂಡುಗಳು', 'ಗದಗಿನಿಂದ ಹೋಗುವುದು ಹೇಗೆ'. ಸುಮ್ನೆ ದಪ್ಪ ಅಕ್ಷರ ಮಾಡಿದರೆ ಅದು ಉಪಶೀರ್ಷಿಕೆ ಆಗುವುದಿಲ್ಲ. ಬರೆಯುವ ಪೆಟ್ಟಿಗೆಯ ಮೇಲೆ ಹೆಡಿಂಗ್ ಅನ್ನುವ ಆಯ್ಕೆ ಇರುತ್ತದೆ, ಅದನ್ನೇ ಬಳಸಿ. ಗೂಗಲ್‌ಗೂ, ಕಣ್ಣು ಕಾಣದವರಿಗೆ ಪುಟ ಓದಿ ಹೇಳುವ ತಂತ್ರಾಂಶಕ್ಕೂ ಪುಟದ ಅಂಗಾಂಗ ಗೊತ್ತಾಗುವುದು ಅದರಿಂದಲೇ. ಅಂಥವರಿಗಾಗಿ ಪ್ರತಿ ಚಿತ್ರದಲ್ಲೂ ಏನಿದೆ ಅಂತ ಒಂದು ಸಾಲು ಬರೆಯುವ ಜಾಗವೂ ಇರುತ್ತದೆ. ದಯವಿಟ್ಟು ಅದನ್ನು ಖಾಲಿ ಬಿಡಬೇಡಿ.

ಕೊನೆಯ ಚೌಕದಲ್ಲಿ ವಾಟ್ಸಾಪ್‌ಗೆ ಕಳಿಸುವ ಒಂದು ಬಟನ್, ಅದರ ಕೆಳಗೆ ಮುಂದೆ ಓದುವುದಕ್ಕೆ ಎರಡು ಬರಹ. ಬಾವಿಯ ಕೆಳಗೆ ಸೂಡಿಯ ಬರಹ ಕೊಡಿ, ಡಂಬಳದ ದೊಡ್ಡಬಸಪ್ಪನ ಗುಡಿ ಕೊಡಿ. ತಾನಾಗಿ ಬಂದು ಕೂರುವ ಪಟ್ಟಿ ಒಮ್ಮೊಮ್ಮೆ ಅಡುಗೆಯ ಬರಹ ತೋರಿಸಿಬಿಡುತ್ತದೆ. ನೀವೇ ಕೈಯಾರೆ ಆರಿಸಿ. ಪಕ್ಕದ ಪಟ್ಟಿ, ಅಂದರೆ ಸೈಡ್‌ಬಾರ್, ಬೇಡ. ಫೋನಿನಲ್ಲಿ ಅದು ಪಕ್ಕದಲ್ಲಿ ಇರುವುದಿಲ್ಲ, ಎಲ್ಲ ಮುಗಿದ ಮೇಲೆ ಕೆಳಗೆ ಹೋಗಿ ಬೀಳುತ್ತದೆ. ಕ್ಯಾಲೆಂಡರ್, ಎಷ್ಟು ಜನ ನೋಡಿದರು ಅನ್ನುವ ಎಣಿಕೆ, ಗಡಿಯಾರ ಎಲ್ಲ ತೆಗೆಯಿರಿ.

ಅಕ್ಷರದ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು, ಯಾಕೆಂದರೆ ಕನ್ನಡ ಸೈಟುಗಳು ಕೆಡುವುದು ಇಲ್ಲೇ. ಥೀಮ್ ಮಾಡಿದವರು ಇಂಗ್ಲಿಷ್ ಅಕ್ಷರ ನೋಡಿ ಅಳತೆ ಇಟ್ಟಿರುತ್ತಾರೆ. ಇಂಗ್ಲಿಷಿಗೆ ಒತ್ತಕ್ಷರ ಇಲ್ಲ. ನಮ್ಮ 'ಲಕ್ಕುಂಡಿ'ಯಲ್ಲಿ ಕ-ವತ್ತು ಕೆಳಗೆ ಇಳಿಯುತ್ತದೆ, ಗುಡಿಸು ಮೇಲೆ ಏರುತ್ತದೆ. ಸಾಲಿನ ನಡುವೆ ಜಾಗ ಕಡಿಮೆಯಾದರೆ ಮೇಲಿನ ಸಾಲಿನ ವತ್ತು ಕೆಳಗಿನ ಸಾಲಿನ ತಲೆಕಟ್ಟಿಗೆ ತಾಗುತ್ತದೆ. ನಾನು ಅಕ್ಷರಕ್ಕೆ 18 ಪಿಕ್ಸೆಲ್ (ಪರದೆಯ ಚುಕ್ಕಿಯ ಅಳತೆ), ಸಾಲಿನ ಎತ್ತರಕ್ಕೆ ಅದರ 1.7 ಪಟ್ಟು ಇಡುತ್ತೇನೆ. ವಯಸ್ಸಾದವರು ಓದುವ ಸೈಟಾದರೆ 20. ಎಷ್ಟೋ ಥೀಮ್‌ಗಳಲ್ಲಿ ಇದನ್ನು ಕೋಡಿಂಗ್ ಇಲ್ಲದೆ ಬದಲಿಸಬಹುದು. ಬದಲಿಸಲು ಬಿಡದ ಥೀಮ್ ನಿಮಗೆ ಬೇಡ.

ಬರಹವನ್ನು ಎಡಗಡೆ ಮಾತ್ರ ಸಾಲಾಗಿ ನಿಲ್ಲಿಸಿ, ಬಲಗಡೆ ಹೆಚ್ಚುಕಡಿಮೆ ಇರಲಿ. ಪುಸ್ತಕದ ಥರ ಎರಡೂ ಬದಿ ಸಮ ಮಾಡುವ ಆಸೆ ಆಗುತ್ತದೆ. ಆದರೆ 'ಹೇಳಿಕೊಡಬೇಕಾಗಿರುವುದರಿಂದ' ಅನ್ನುವಂಥ ಉದ್ದ ಪದ ಕನ್ನಡದಲ್ಲಿ ಸಾಮಾನ್ಯ. ಫೋನಿನ ಅಗಲಕ್ಕೆ ಅದು ಹಿಡಿಸದೆ ಕೆಳಗಿನ ಸಾಲಿಗೆ ಹೋದರೆ ಮೇಲಿನ ಸಾಲಿನಲ್ಲಿ ಉಳಿದ ಎರಡು ಪದಗಳ ನಡುವೆ ಹಳ್ಳ ಬೀಳುತ್ತದೆ. ಓರೆ ಅಕ್ಷರವೂ ಬೇಡ, ಅದು ನಮ್ಮ ಲಿಪಿಗೆ ಹೊಂದುವುದಿಲ್ಲ. ಅಕ್ಷರ ಅಕ್ಷರದ ನಡುವೆ ಜಾಗ ಬಿಡುವ ಆಯ್ಕೆ ಕಂಡರೆ ಸೊನ್ನೆಗೆ ತನ್ನಿ.

ಫಾಂಟ್, ಅಂದರೆ ಅಕ್ಷರದ ಶೈಲಿ, ಎರಡು ಸಾಕು. ಓದುವ ಬರಹಕ್ಕೆ ನೋಟೊ ಸಾನ್ಸ್ ಕನ್ನಡ ಅಥವಾ ನೋಟೊ ಸೆರಿಫ್ ಕನ್ನಡ, ಶೀರ್ಷಿಕೆಗೆ ಬಲೂ ತಮ್ಮ 2. ಎಲ್ಲ ಗೂಗಲ್ ಫಾಂಟ್ಸ್‌ನಲ್ಲಿ ಪುಕ್ಕಟೆ ಸಿಗುತ್ತವೆ. ನಮ್ಮೂರಿನ ಹೆಸರಿನದೇ 'ಹುಬ್ಬಳ್ಳಿ' ಅನ್ನುವ ಫಾಂಟ್ ಕೂಡ ಅಲ್ಲಿದೆ. ಗೆರೆ ಉದ್ದಕ್ಕೂ ಒಂದೇ ದಪ್ಪ, ಕೈಬರಹದ ಸಲುಗೆ ಇದೆ. ನನಗೆ ಬಹಳ ಇಷ್ಟ. ನಿಮ್ಮ ಸೈಟಿನ ಹೆಸರು ಅದರಲ್ಲಿ ಬರೆದು ನೋಡಿ.

ಈಗ ನುಡಿಯ ವಿಷಯ. ಹಳೆಯ ನುಡಿಯಲ್ಲಿ ಟೈಪ್ ಮಾಡಿದ ಬರಹ ನಿಮ್ಮ ಕಂಪ್ಯೂಟರಿನಲ್ಲಿ ಕನ್ನಡ ಕಂಡರೂ ಒಳಗೆ ಇರುವುದು ಬೇರೆ ಸಂಕೇತ. ಹಾಗೇ ತಂದು ಅಂಟಿಸಿದರೆ ಓದುಗರ ಫೋನಿನಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ರಾಶಿ ಕಾಣುತ್ತದೆ. ನಾನು ಈ ಕೆಲಸಕ್ಕೆ ಬಂದ ಹೊಸದರಲ್ಲಿ ಒಂದು ಸಂಸ್ಥೆಯ ಸೈಟ್ ಮಾಡಿದೆ. ಅವರ ಬರಹವೆಲ್ಲ ನುಡಿಯಲ್ಲಿತ್ತು. ಅಂಟಿಸಿದರೆ ಕಾಣುತ್ತಿಲ್ಲ ಅಂತ ಒಂದೊಂದು ಪುಟವನ್ನೂ ಚಿತ್ರ ಮಾಡಿ ಏರಿಸಿಬಿಟ್ಟೆ. ಕಂಪ್ಯೂಟರಿನಲ್ಲಿ ಅಚ್ಚುಕಟ್ಟಾಗಿ ಕಂಡಿತು. ಫೋನಿನಲ್ಲಿ ಅಕ್ಷರ ಸಾಸಿವೆ ಕಾಳಿನಷ್ಟಾಯಿತು. ಹುಡುಕಿದವರಿಗೆ ಒಂದು ಸಾಲೂ ಸಿಗಲಿಲ್ಲ, ಚಿತ್ರದೊಳಗೆ ಇರುವುದನ್ನು ಬರಹ ಅಂತ ಯಾರು ತಿಳಿಯಬೇಕು? ಕೊನೆಗೆ ಎಲ್ಲವನ್ನೂ ಎಲ್ಲ ಫೋನುಗಳಿಗೂ ತಿಳಿಯುವ ಸಂಕೇತವಾದ ಯೂನಿಕೋಡ್‌ಗೆ ತಂದು ಮತ್ತೆ ಹಾಕಿದೆ. ಹೋದ ಸಮಯ ಅವರದೂ ಹೌದು, ಅದಕ್ಕೆ ನನಗೆ ಈಗಲೂ ಬೇಜಾರಿದೆ. ನೀವು ಮೊದಲೇ ಯೂನಿಕೋಡ್‌ಗೆ ಬದಲಿಸಿಕೊಳ್ಳಿ, ಪುಕ್ಕಟೆ ಪರಿವರ್ತಕಗಳಿವೆ. ಬದಲಿಸಿದ ಮೇಲೆ ಅರ್ಕಾವತ್ತಿನ ಪದಗಳನ್ನು ಒಂದೊಂದಾಗಿ ನೋಡಿ: ಸೂರ್ಯ, ಮಾರ್ಗ, ಗರ್ಭಗುಡಿ. ತಪ್ಪು ಜಾಸ್ತಿ ನುಸುಳುವುದು ಅಲ್ಲೇ.

ಬಣ್ಣಕ್ಕೆ ಬರೋಣ. ಬೆಟಗೇರಿಯವರಿಗೆ ನಾನು ಬಣ್ಣ ಹೇಳಿಕೊಡುವುದೇನಿದೆ! ನಿಮ್ಮ ಓಣಿಯ ಸೀರೆ ನೆನೆಸಿಕೊಳ್ಳಿ. ಒಡಲು ಒಂದು ಬಣ್ಣ, ದಡಿ ಒಂದು ಬಣ್ಣ, ಸೆರಗಿನಲ್ಲಿ ಕುಸುರಿ. ಒಡಲೇ ಜಾಸ್ತಿ, ಅದು ಕಣ್ಣಿಗೆ ತಂಪು. ಸೈಟಿನ ಒಡಲು ಅಂದರೆ ಹಿನ್ನೆಲೆ: ಬಿಳಿ ಅಥವಾ ಕೆನೆ ಬಣ್ಣ. ಅದರ ಮೇಲೆ ಕಪ್ಪು ಅಕ್ಷರ. ದಡಿ ಅಂದರೆ ಲಿಂಕು, ಬಟನ್ನು, ಮೇಲಿನ ಒಂದು ಗೆರೆ: ಇದಕ್ಕೆ ಒಂದೇ ಗಟ್ಟಿ ಬಣ್ಣ. ಸೆರಗು ನಿಮ್ಮ ಚಿತ್ರಗಳು.

ಬಾವುಟದ ಹಳದಿ-ಕೆಂಪಿನ ಮೇಲೆ ನಿಮಗಿರುವ ಪ್ರೀತಿ ನನಗೂ ಇದೆ. ಆದರೆ ಹಳದಿ ಹಿನ್ನೆಲೆಗೆ ಕೆಂಪು ಅಕ್ಷರ ಹಾಕಬೇಡಿ. ಅಕ್ಷರಕ್ಕೂ ಹಿನ್ನೆಲೆಗೂ ಇರಬೇಕಾದ ಬೆಳಕಿನ ಅಂತರಕ್ಕೆ ಜಗತ್ತಿನಾದ್ಯಂತ ಒಪ್ಪಿದ ಒಂದು ಅಳತೆ ಇದೆ. ಓದುವ ಬರಹಕ್ಕೆ ಅದು ಕಡಿಮೆ ಅಂದರೂ 4.5ಕ್ಕೆ 1 ಇರಬೇಕು. ಅಪ್ಪಟ ಹಳದಿಯ ಮೇಲೆ ಅಪ್ಪಟ ಕೆಂಪು ಇಟ್ಟರೆ ಸಿಗುವುದು ಸುಮಾರು 3.7. ಬಿಸಿಲಿನಲ್ಲಿ ನಿಂತವರಿಗೆ ಏನೂ ಕಾಣುವುದಿಲ್ಲ. ಅದೇ ಬಿಳಿಯ ಮೇಲೆ ಬ್ಯಾಡಗಿ ಮೆಣಸಿನಕಾಯಿಯ ಕಡುಗೆಂಪು ಇಟ್ಟರೆ ಅಂತರ 10ರ ಹತ್ತಿರ ಹೋಗುತ್ತದೆ. ಲಿಂಕಿಗೆ ಆ ಕೆಂಪು ಇಡಿ. ಹಳದಿಯನ್ನು ಪುಟದ ನೆತ್ತಿಯಲ್ಲಿ ಒಂದು ತೆಳು ಪಟ್ಟಿಯಾಗಿ ಇಡಿ. ಬಾವುಟವೂ ಉಳಿಯಿತು, ಓದುವುದಕ್ಕೂ ಬಂತು.

ಇನ್ನು 14 ವಿಭಾಗ. ಜಾಸ್ತಿ ಆಯಿತು. ಒಂದೊಂದರಲ್ಲಿ ಎರಡೇ ಬರಹ ಇದ್ದರೆ ಒಳಗೆ ಬಂದವರಿಗೆ ಅರ್ಧ ಖಾಲಿ ಅಂಗಡಿಗೆ ಬಂದ ಹಾಗೆ ಆಗುತ್ತದೆ. ನಿಮ್ಮ ಪಟ್ಟಿಯನ್ನು ನಾನು ಚೀಟಿ ಮಾಡಿ ನೆಲದ ಮೇಲೆ ಹರಡಿ ಗುಂಪು ಮಾಡಿದೆ. ಗುಡಿ-ಬಾವಿ 9, ಅಡುಗೆ 8, ಕೆರೆ-ಗುಡ್ಡ 6, ಮಗ್ಗ 5. ಉಳಿದದ್ದು ಎರಡು ಕವಿತೆ. ಅವು ಹತ್ತಾಗುವವರೆಗೆ ವಿಭಾಗ ಬೇಡ. ನಾಲ್ಕು ಸಾಕು. ಹೆಸರುಗಳನ್ನು ಹೀಗೇ ಗಿಡ್ಡ ಇಡಿ. 'ಐತಿಹಾಸಿಕ ಸ್ಮಾರಕಗಳು ಮತ್ತು ಪರಂಪರೆ' ಅಂತ ಬರೆದರೆ ಫೋನಿನ ಮೆನುವಿನಲ್ಲಿ ಮೂರು ಸಾಲಾಗುತ್ತದೆ. 'ಗುಡಿ-ಬಾವಿ' ಅಂದರೆ ಎಲ್ಲರಿಗೂ ತಿಳಿಯುತ್ತದೆ. ಐದನೆಯದಾಗಿ 'ನನ್ನ ಬಗ್ಗೆ' ಸೇರಿಸಿ. ಮೆನು ಮುಗಿಯಿತು. ಒಂದು ಬರಹ ಒಂದೇ ವಿಭಾಗದಲ್ಲಿ ಇರಲಿ.

ಎಲ್ಲ ಬರಹಕ್ಕೂ ಅಚ್ಚು ಒಂದೇ ಅಂದೆ. ಅಡುಗೆಗೆ ಮಾತ್ರ ಒಂದು ಸಣ್ಣ ಬದಲಾವಣೆ ಬೇಕು. ಬಾವಿಯ ಬರಹ ಓದುವವರು ಕೂತು ಓದುತ್ತಾರೆ. ಮಾದೇಲಿ ಸಿಹಿ ಮಾಡುವವರು ಒಲೆ ಮುಂದೆ ನಿಂತಿರುತ್ತಾರೆ, ಕೈಯಲ್ಲಿ ಹಿಟ್ಟು ಇರುತ್ತದೆ. ಆ ಕೈಯಲ್ಲಿ ಫೋನ್ ಮುಟ್ಟಿ ಮೇಲೆ-ಕೆಳಗೆ ಎಳೆಯುವುದು ಆಗುವ ಮಾತಲ್ಲ. ಹಾಗಾಗಿ ಬೇಕಾಗುವ ಸಾಮಾನು ಮತ್ತು ಅಳತೆ ಒಂದೇ ತೆರೆಯಲ್ಲಿ, ಒಂದರ ಕೆಳಗೊಂದು ಬರಲಿ. ಮಾಡುವ ಬಗೆ ಅದರ ಮುಂದಿನ ತೆರೆಯಲ್ಲಿ. ಅವ್ವನ ನೆನಪು, ಜಾತ್ರೆಯ ಮಾತು ಎಲ್ಲ ಅದಾದ ಮೇಲೆ ಬರಲಿ. ಬಿಡಬೇಡಿ, ಆ ಬರಹಗಳ ಜೀವ ಅದೇ. ಜಾಗ ಮಾತ್ರ ಕೆಳಗೆ.

ತಾರೀಖು ಯಾವ ಬರಹಕ್ಕೂ ತಪ್ಪಬಾರದು. ಮಾಗಡಿ ಕೆರೆಗೆ ಪಟ್ಟೆತಲೆ ಹೆಬ್ಬಾತುಗಳು ಬರುವುದು ಚಳಿಗಾಲದಲ್ಲಿ. ತಾರೀಖಿಲ್ಲದ ಬರಹ ಓದಿ ಯಾರಾದರೂ ಜೂನ್ ತಿಂಗಳಲ್ಲಿ ಮಕ್ಕಳನ್ನು ಕರೆದುಕೊಂಡು ಶಿರಹಟ್ಟಿ ದಾರಿ ಹಿಡಿದರೆ ಖಾಲಿ ನೀರು ನೋಡಿ ವಾಪಸ್ ಬರಬೇಕಾಗುತ್ತದೆ.

ಇನ್ನೊಂದು ಸಣ್ಣ ವಿಷಯ, ಆದರೆ ಆಮೇಲೆ ಬದಲಿಸುವುದು ಕಷ್ಟ. ಪ್ರತಿ ಬರಹಕ್ಕೂ ಒಂದು ವೆಬ್ ವಿಳಾಸ, ಅಂದರೆ ಲಿಂಕು, ಇರುತ್ತದೆ. ಅದನ್ನು ಕನ್ನಡದಲ್ಲಿ ಬಿಟ್ಟರೆ ಎಷ್ಟೋ ಸಲ ಕಾಪಿ ಮಾಡಿ ಕಳಿಸುವಾಗ ಒಂದೊಂದು ಕನ್ನಡ ಸಂಕೇತವೂ ಒಂಬತ್ತು ಚಿಹ್ನೆಗಳಾಗಿ ಒಡೆಯುತ್ತದೆ. 'ಲಕ್ಕುಂಡಿ'ಯಲ್ಲಿ ಸ್ವರಚಿಹ್ನೆ, ವತ್ತು ಮಾಡುವ ವಿರಾಮದ ಗುರುತು, ಸೊನ್ನೆ ಎಲ್ಲ ಸೇರಿ ಎಂಟು ಸಂಕೇತ. ಅಂದರೆ ಆ ಒಂದು ಹೆಸರೇ 72 ಚಿಹ್ನೆಗಳ ಸರಪಳಿ ಆಗುತ್ತದೆ. ವಾಟ್ಸಾಪ್‌ನಲ್ಲಿ ಅದನ್ನು ನೋಡಿದವರು ವೈರಸ್ ಲಿಂಕ್ ಅಂತ ಹೆದರುತ್ತಾರೆ. ಪ್ರಕಟಿಸುವ ಮೊದಲೇ ವಿಳಾಸವನ್ನು ಇಂಗ್ಲಿಷ್ ಅಕ್ಷರದಲ್ಲಿ, ಎರಡು-ಮೂರು ಪದದಲ್ಲಿ ಬರೆಯಿರಿ. ಬರಹ, ಹೆಸರು ಎಲ್ಲ ಕನ್ನಡದಲ್ಲೇ ಇರಲಿ.

ಚಿತ್ರಗಳ ತೂಕ ಇಳಿಸಿ. ಫೋನಿನ ಒಂದು ಫೋಟೋ ಮೂರು-ನಾಲ್ಕು ಎಂಬಿ ಇರುತ್ತದೆ. ಅಗಲ 1200 ಪಿಕ್ಸೆಲ್‌ಗೆ ತಂದು 200 ಕೆಬಿ ಒಳಗೆ ಇಟ್ಟರೆ ಕಣ್ಣಿಗೆ ವ್ಯತ್ಯಾಸ ಗೊತ್ತಾಗುವುದಿಲ್ಲ, ಕಪ್ಪತಗುಡ್ಡದ ಬುಡದ ಹಳ್ಳಿಯಲ್ಲಿ ಕೂತು ತೆರೆಯುವವರಿಗೆ ಮಾತ್ರ ಪುಟ ಬೇಗ ಬಂದದ್ದು ಗೊತ್ತಾಗುತ್ತದೆ. ಇಂಟರ್ನೆಟ್‌ನಿಂದ ಯಾರದೋ ಫೋಟೋ ಎತ್ತಿಕೊಳ್ಳಬೇಡಿ. ನಿಮ್ಮದು ಸ್ವಲ್ಪ ಮಸುಕಾಗಿದ್ದರೂ ನಿಮ್ಮದೇ ಹಾಕಿ.

ಈಗ ಮುಖಪುಟ. ಮೇಲೆ ಸೈಟಿನ ಹೆಸರು. ಅದರ ಕೆಳಗೆ ಇಲ್ಲಿ ಏನು ಸಿಗುತ್ತದೆ ಅಂತ ಒಂದೇ ವಾಕ್ಯ: 'ಗದಗ ಸುತ್ತಿನ ಗುಡಿ, ಕೆರೆ, ಮಗ್ಗ ಮತ್ತು ಅಡುಗೆಯ ಬರಹಗಳು'. ಆಮೇಲೆ ನೀವೇ ಆರಿಸಿದ ಮೂರು ಒಳ್ಳೆಯ ಬರಹ. ಅದರ ಕೆಳಗೆ ಹೊಸ ಬರಹಗಳು, ಒಂದರ ಕೆಳಗೊಂದು. ಪ್ರತಿಯೊಂದಕ್ಕೂ ಒಂದು ಸಣ್ಣ ಚಿತ್ರ, ಹೆಸರು, ಎರಡು ಸಾಲು. ಇಷ್ಟೇ. ಓಡುವ ಚಿತ್ರಗಳು ಬೇಡ. ಎರಡನೇ ಚಿತ್ರ ಬರುವುದರೊಳಗೆ ಜನ ಕೆಳಗೆ ಹೋಗಿರುತ್ತಾರೆ. ಯಾರೋ ಹೆಸರು ಓದುತ್ತಿರುವಾಗಲೇ ಅದು ಸರಿದು ಹೋಗುತ್ತದೆ. ಐದು ಚಿತ್ರದ ಭಾರ ಮಾತ್ರ ಪುಟದ ಮೇಲೆ ಉಳಿಯುತ್ತದೆ.

ಸೈಟ್ ಕಟ್ಟುವ ತಾಣ ಬ್ಲಾಗರ್ ಇರಲಿ, ವರ್ಡ್‌ಪ್ರೆಸ್ ಇರಲಿ, ಇದೆಲ್ಲ ಎರಡರಲ್ಲೂ ಆಗುತ್ತದೆ. ದುಡ್ಡು ಹಾಕದೆ ಶುರು ಮಾಡಬೇಕು ಅಂದರೆ ಬ್ಲಾಗರ್ ಸಾಕು, ಸ್ವಂತ ಹೆಸರಿನ ಡೊಮೇನ್ (ಸೈಟಿನ ವಿಳಾಸ) ಕೊಂಡು ಅದಕ್ಕೆ ಜೋಡಿಸಬಹುದು. ಥೀಮ್ ಆರಿಸುವಾಗ ಅವರ ಮಾದರಿ ಪುಟ ನೋಡಿ ಮನಸೋಲಬೇಡಿ. ಅಲ್ಲಿ ಚೆಂದ ಕಾಣುತ್ತಿರುವುದು ದುಬಾರಿ ಕ್ಯಾಮರಾದ ಚಿತ್ರಗಳು. ನಿಮ್ಮ ಬಾವಿಯ ಬರಹವನ್ನು, ನಿಮ್ಮ ಫೋಟೋ ಸಮೇತ, ಅದರಲ್ಲಿ ಹಾಕಿ ಫೋನಿನಲ್ಲಿ ತೆರೆಯಿರಿ. ಹಾಳೆಯ ಚೌಕಗಳಿಗೆ ಹತ್ತಿರ ಬಂದದ್ದನ್ನು ಇಟ್ಟುಕೊಳ್ಳಿ. ಎರಡು ತಿಂಗಳು ಆಗದ ಆಯ್ಕೆ ಒಂದು ಗಂಟೆಯಲ್ಲಿ ಆಗುತ್ತದೆ, ಯಾಕೆಂದರೆ ಈಗ ಹೋಲಿಸಿ ನೋಡುವುದಕ್ಕೆ ನಿಮ್ಮದೇ ಒಂದು ಚಿತ್ರ ಇದೆ.

ಪುಟ ಸಿದ್ಧವಾದ ಮೇಲೆ ಫೋನನ್ನು ಅವ್ವನ ಕೈಗೆ ಕೊಡಿ. ಏನೂ ಹೇಳಬೇಡಿ, ಪಕ್ಕದಲ್ಲಿ ಸುಮ್ನೆ ಕೂತು ಅವರ ಹೆಬ್ಬೆರಳು ನೋಡಿ. ಎಲ್ಲಿ ನಿಂತಿತು, ಎಲ್ಲಿ ತಡಕಾಡಿತು, ಎಲ್ಲಿ ಫೋನನ್ನು ಕಣ್ಣಿಗೆ ಹತ್ತಿರ ತಂದರು. ಹತ್ತಿರ ತಂದರೆ ಅಕ್ಷರ ಸಣ್ಣದಾಗಿದೆ. ಒಂದು ಒತ್ತಲು ಹೋಗಿ ಇನ್ನೊಂದು ಒತ್ತಿದರೆ ಬಟನ್‌ಗಳು ತೀರಾ ಹತ್ತಿರ ಇವೆ. ಬಟನ್ ಎತ್ತರ 48 ಪಿಕ್ಸೆಲ್ ಇದ್ದರೆ ಹೆಬ್ಬೆರಳಿಗೆ ಹಿತ. ಅವರ ಅಡುಗೆಯ ಬರಹವನ್ನೂ ತೆರೆದು ಕೊಡಿ. ಅಳತೆ ತಪ್ಪಿದ್ದರೆ ಅದನ್ನೂ ಅವರೇ ಹೇಳುತ್ತಾರೆ.

30 ಬರಹವನ್ನೂ ಒಂದೇ ದಿನ ಏರಿಸಬೇಡಿ. ವಿಭಾಗಕ್ಕೆ ಎರಡರಂತೆ ಎಂಟು ಬರಹದಿಂದ ತೆರೆಯಿರಿ. ಕವಿತೆ ಬಿಟ್ಟು ಉಳಿಯುವ 20 ಬರಹವನ್ನು ವಾರಕ್ಕೊಂದು ಹಾಕಿದರೂ ಹತ್ತಿರ ಹತ್ತಿರ ಐದು ತಿಂಗಳು ಬರುತ್ತವೆ. ಅಷ್ಟರಲ್ಲಿ ನೀವು ಹೊಸದು ಬರೆದಿರುತ್ತೀರಿ. ಕೆರೆ-ಗುಡ್ಡದಲ್ಲಿ ಮೊದಲ ಎರಡಕ್ಕೆ ಕಪ್ಪತಗುಡ್ಡದ ಬರಹ ಹಾಕಿ, ಮಾಗಡಿಯದನ್ನು ನವೆಂಬರಿಗೆ ಇಟ್ಟುಕೊಳ್ಳಿ. ಹಕ್ಕಿ ಬರುವ ಹೊತ್ತಿಗೆ ಓದಿದವರು ಅದೇ ಭಾನುವಾರ ಹೊರಡಬಹುದು.